ಹಳೆಯ ಮೋಟಾರು ದೋಣಿಗೆ ಮರುಜೀವ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗುಚಿ ಹಾಕಿದ ಹಳೆಯ ದೋಣಿ ಎಲ್ಲಾದರೂ ಕಂಡರೆ ಸಾಕು, ನನ್ನ ಕಾಲು ತಾನಾಗಿ ಆ ಕಡೆ ಹೋಗುತ್ತದೆ. ಹದಿನಾಲ್ಕು ಅಡಿಯ ಒಂದು ಫೈಬರ್ ದೋಣಿಯನ್ನು ಬಿಚ್ಚಿ, ಒಣಗಿಸಿ, ಮತ್ತೆ ಕಟ್ಟಿ ನೀರಿಗಿಳಿಸಿದ್ದೇನೆ. ಆಮೇಲೆ ಸ್ನೇಹಿತರ ದೋಣಿಗಳಿಗೂ ಕೈ ಹಾಕಿದೆ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಎಲ್ಲ ಉತ್ತರಗಳಲ್ಲೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಕಣ್ಣಿಗೆ ಕಾಣದ ಜಾಗ ಮೊದಲು, ಬಣ್ಣ ಕೊನೆಗೆ.

ಮೊದಲ ಸಲ ಕೈ ಹಾಕುವವರಿಗೆ ಎಂಥ ದೋಣಿ ಒಳ್ಳೆಯದು?

12ರಿಂದ 16 ಅಡಿಯ, ಮೇಲೆ ಕ್ಯಾಬಿನ್ ಇಲ್ಲದ, ಔಟ್‌ಬೋರ್ಡ್ ಎಂಜಿನಿನ ದೋಣಿ. ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ನೇತುಹಾಕುವ ಎಂಜಿನ್. ಚಿಕ್ಕದಾದರೆ ಇಬ್ಬರು ಸೇರಿ ಇಳಿಸಿ, ಸ್ಟ್ಯಾಂಡಿಗೆ ಹಾಕಿಕೊಂಡು, ನಿಂತೇ ಕೆಲಸ ಮಾಡಬಹುದು. 1909ರಲ್ಲಿ ಓಲೆ ಎವಿನ್‌ರೂಡ್ ತನ್ನ ಔಟ್‌ಬೋರ್ಡನ್ನು ಮಾರಾಟಕ್ಕೆ ತಂದ ಕಾಲದಿಂದ ಇದರ ಜೋಡಣೆ ಅದೇ: ಮೇಲೆ ಎಂಜಿನ್, ನಡುವೆ ಉದ್ದನೆಯ ಶಾಫ್ಟ್, ಕೆಳಗೆ ಗೇರು ಮತ್ತು ಪ್ರೊಪೆಲ್ಲರ್. ಒಂದನ್ನು ಬಿಚ್ಚಿ ಅರ್ಥ ಮಾಡಿಕೊಂಡರೆ ಇನ್ನೊಂದು ಕಷ್ಟವಲ್ಲ.

ಎಂಜಿನ್ ಒಳಗೇ ಕೂತಿರುವ ದೋಣಿಯನ್ನು ಮೊದಲ ಸಲಕ್ಕೆ ಬೇಡ ಅನ್ನುತ್ತೇನೆ. ಅಲ್ಲಿ ಪೆಟ್ರೋಲಿನ ಆವಿ ತಳದಲ್ಲಿ ಕೂಡಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ತಾನಾಗಿ ಹೊರಗೆ ಹೋಗುವುದಿಲ್ಲ. ಅಂಥ ದೋಣಿಯಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಕನಿಷ್ಠ 4 ನಿಮಿಷ ಬ್ಲೋವರ್, ಅಂದರೆ ಆವಿಯನ್ನು ಹೊರಗೆ ತಳ್ಳುವ ಫ್ಯಾನ್, ಓಡಿಸಬೇಕು. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ ಹಾಕುವ ಹಾಗೂ ಇಲ್ಲ, ಅವುಗಳ ಕಿಡಿ ಹೊರಗೆ ಬರುತ್ತದೆ. ಕಲಿಯುವಾಗ ಇಷ್ಟೆಲ್ಲ ಹೊರೆ ಯಾಕೆ?

ಕೊಳ್ಳುವ ಮುಂಚೆ ಏನು ನೋಡಬೇಕು?

ಎಲ್ಲರೂ ಮೊದಲು ಎಂಜಿನ್ ನೋಡುತ್ತಾರೆ. ನೀವು ಮೊದಲು ಟ್ರಾನ್ಸಮ್ ನೋಡಿ. ಎಂಜಿನ್ ತೂಗುವ ಹಿಂಬದಿಯ ಗೋಡೆಯೇ ಟ್ರಾನ್ಸಮ್. ಹಳೆಯ ಫೈಬರ್ ದೋಣಿಗಳಲ್ಲಿ ಸಾಮಾನ್ಯವಾಗಿ ಇದರ ಹೊಟ್ಟೆಯಲ್ಲಿ ಪ್ಲೈವುಡ್ ಇರುತ್ತದೆ. ಎಂಜಿನಿನ ಬೋಲ್ಟು, ತೂಬಿನ ಕೊಳವೆ, ಯಾರೋ ಎಂದೋ ಹೊಡೆದ ಸ್ಕ್ರೂ, ಇಂಥ ತೂತುಗಳಿಂದ ನೀರು ಒಳಗೆ ಇಳಿಯುತ್ತದೆ. ಹೊರಗಿನ ಫೈಬರ್ ಹೊಸದರಂತೆ ಹೊಳೆಯುತ್ತಿದ್ದರೂ ಒಳಗೆ ಮರ ಕುಂಬಾಗಿರುತ್ತದೆ.

ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗೈ ಅಗಲಕ್ಕೊಂದರಂತೆ ಪೂರಾ ಬಡಿಯುತ್ತಾ ಬನ್ನಿ. ಗಟ್ಟಿ ಮರ ಟಕ್ ಅನ್ನುತ್ತದೆ. ಕೊಳೆತದ್ದು ಒದ್ದೆ ಮೂಟೆಗೆ ಬಡಿದ ಹಾಗೆ ಧಬ್ ಅನ್ನುತ್ತದೆ. ಈ ವ್ಯತ್ಯಾಸ ಕಿವಿಗೆ ಒಂದು ಸಲ ಹಿಡಿದರೆ ಮತ್ತೆ ತಪ್ಪುವುದಿಲ್ಲ. ಆಮೇಲೆ ಎಂಜಿನಿನ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಟ್ರಾನ್ಸಮ್ಮಿನ ಮೇಲಂಚಿನ ಮೇಲೆ ಕಣ್ಣಿಡಿ. ಅದು ಬಾಗುತ್ತಿದ್ದರೆ ಒಳಗೆ ಬಲವಿಲ್ಲ.

ಮಾಲೀಕರು ಒಪ್ಪಿದರೆ ಒಳಬದಿಯಿಂದ ಕೆಳಗಡೆ ಒಂದು ಸಣ್ಣ ತೂತು ಕೊರೆಯಿರಿ. ನಾನು ನನ್ನ ದೋಣಿಗೆ ಕೊರೆದಾಗ ಡ್ರಿಲ್ಲಿನ ಮೊದಲ ಎರಡು ಸುತ್ತಿನಲ್ಲಿ ಬಿಳಿ ಫೈಬರ್ ಪುಡಿ ಬಂತು. ಮೂರನೆಯ ಸುತ್ತಿನಲ್ಲಿ ಡ್ರಿಲ್ಲು ತಾನಾಗಿ ಒಳಕ್ಕೆ ಜಾರಿತು. ಹೊರಗೆ ಬಂದದ್ದು ಕಾಫಿ ಗಷ್ಟಿನ ಬಣ್ಣದ ಒದ್ದೆ ಪುಡಿ, ಹಳೆಯ ಎಲೆರಾಶಿಯ ವಾಸನೆ. ಒಣ, ತಿಳಿ ಬಣ್ಣದ ಸುರುಳಿ ಬಂದಿದ್ದರೆ ಆ ಮರ ಚೆನ್ನಾಗಿದೆ ಅಂತ ಅರ್ಥ. ನೋಡಿದ ಮೇಲೆ ಆ ತೂತನ್ನು ಎಪಾಕ್ಸಿಯಿಂದ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ಮುಚ್ಚಲು ಮರೆಯಬೇಡಿ.

ಇನ್ನು ನೆಲ. ದೋಣಿಯೊಳಗೆ ಹತ್ತಿ ಎಲ್ಲ ಕಡೆ ಹಿಮ್ಮಡಿ ಊರಿ ನಡೆಯಿರಿ. ಮೆತ್ತಗೆ ಇಳಿದರೆ ಅಲ್ಲಿ ಪ್ಲೈವುಡ್ ಹೋಗಿದೆ, ಕೆಳಗಿನ ಉದ್ದುದ್ದದ ತೊಲೆಗಳೂ ಹೋಗಿರುವ ಸಾಧ್ಯತೆ ಜಾಸ್ತಿ. ಹೊರಗಡೆ ತಳದಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಗಾಬರಿ ಬೇಡ, ಅವು ಹೆಚ್ಚಾಗಿ ಜೆಲ್‌ಕೋಟ್, ಅಂದರೆ ಫೈಬರಿನ ಮೇಲಿನ ತೆಳು ಹೊಳಪಿನ ಪದರದವು. ಒಂದೇ ಬಿಂದುವಿನಿಂದ ನಕ್ಷತ್ರದ ಹಾಗೆ ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ. ಅದನ್ನು ಕೆರೆದು ನೋಡಬೇಕು.

ಕೊನೆಗೆ ಕಾಗದಪತ್ರ. ದೋಣಿಯ ಮೇಲಿನ ಗುರುತು ಸಂಖ್ಯೆಯೂ ಕಾಗದದಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು. ಕಾಗದವೇ ಇಲ್ಲದ ದೋಣಿಯನ್ನು ಎಷ್ಟು ಚೆನ್ನಾಗಿದ್ದರೂ ಬಿಟ್ಟುಬಿಡಿ.

ಟ್ರಾನ್ಸಮ್ ಕೊಳೆತಿದೆ. ದೋಣಿಯನ್ನೇ ಕೈಬಿಡಬೇಕಾ?

ಬೇಡ. ಇದು ಕಷ್ಟದ ಕೆಲಸ, ಆದರೆ ಮನೆಯಲ್ಲಿ ಆಗುವ ಕೆಲಸ. ಮೊದಲು ದೋಣಿಯ ತಳಕ್ಕೆ ಸರಿಯಾಗಿ ಆಸರೆ ಕೊಡಿ. ಒಳಗಿನ ಮರ ತೆಗೆದ ಮೇಲೆ ಫೈಬರ್ ಮೈ ಸಡಿಲವಾಗಿರುತ್ತದೆ. ಸೊಟ್ಟಗೆ ಕೂತಿದ್ದರೆ ಹೊಸ ಮರ ಕೂಡಿಸಿದಾಗ ಆ ಸೊಟ್ಟವೇ ಖಾಯಂ ಆಗುತ್ತದೆ.

ಒಳಬದಿಯ ಫೈಬರ್ ಪದರವನ್ನು ಕತ್ತರಿಸಿ ತೆಗೆಯಿರಿ, ಹೊರಗಿನದನ್ನು ಮುಟ್ಟಬೇಡಿ. ಸುತ್ತಲೂ ನಾಲ್ಕು ಬೆರಳಗಲ ಅಂಚು ಬಿಡಿ, ಹೊಸ ಪದರ ಅದರ ಮೇಲೆ ಕೂರಬೇಕು. ಮರವನ್ನು ಉಳಿಯಿಂದ ಕೆತ್ತಿ ತೆಗೆಯಿರಿ. ಮೇಲಿನ ಮರ ಕೈಗೆ ಪುಡಿಪುಡಿಯಾಗಿ ಬರುತ್ತದೆ, ಮೂಲೆಯಲ್ಲಿ ಗಟ್ಟಿಯಾಗಿ ಉಳಿದದ್ದು ಒಂದು ದಿನ ಪೂರಾ ತಿನ್ನುತ್ತದೆ. ತೆಗೆಯುವ ಮುಂಚೆ ಹಳೆಯ ದಪ್ಪ, ಎತ್ತರ, ಬೋಲ್ಟು ತೂತುಗಳ ಜಾಗ, ಎಲ್ಲವನ್ನೂ ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಿ. ಎತ್ತರ ಬದಲಾದರೆ ಎಂಜಿನ್ ಸರಿಯಾಗಿ ಕೂರುವುದಿಲ್ಲ. ಸಣ್ಣ ಶಾಫ್ಟಿನ ಎಂಜಿನಿಗೆ ಸುಮಾರು 15 ಅಂಗುಲ, ಉದ್ದ ಶಾಫ್ಟಿಗೆ ಸುಮಾರು 20 ಅಂಗುಲದ ಟ್ರಾನ್ಸಮ್ ಬೇಕು.

ಒಳಭಾಗ ಪೂರ್ತಿ ಒಣಗುವ ತನಕ ಕಾಯಬೇಕು. ಇಲ್ಲಿ ಆತುರ ಪಟ್ಟವರೆಲ್ಲ ಎರಡನೆಯ ಸಲ ಬಿಚ್ಚಿದ್ದಾರೆ. ಹೊಸ ಮರಕ್ಕೆ ಮರೀನ್ ಪ್ಲೈವುಡ್ ತನ್ನಿ, ಬಿಎಸ್ 1088 (ಮರೀನ್ ಪ್ಲೈವುಡ್ಡಿನ ಬ್ರಿಟಿಷ್ ಮಾನದಂಡ) ಗುರುತಿನದ್ದು ಸಿಕ್ಕರೆ ಒಳ್ಳೆಯದು. 18 ಮಿ.ಮೀ.ನ ಎರಡು ಹಾಳೆಗಳನ್ನು ಎಪಾಕ್ಸಿಯಿಂದ ಅಂಟಿಸಿದರೆ ಬಹಳಷ್ಟು ಸಣ್ಣ ದೋಣಿಗಳ ಹಳೆಯ ದಪ್ಪಕ್ಕೆ ಹತ್ತಿರ ಬರುತ್ತದೆ. ಪ್ಲೈವುಡ್ಡಿನ ಅಂಚುಗಳಿಗೆ ಎಪಾಕ್ಸಿಯನ್ನು ಕುಡಿಯುವಷ್ಟು ಕುಡಿಸಿ. ನೀರು ನುಗ್ಗುವುದು ಅಂಚಿನಿಂದಲೇ ಹೊರತು ಮುಖದಿಂದಲ್ಲ.

ಒಳಮೂಲೆಗಳಿಗೆ ದಪ್ಪ ಮಾಡಿದ ಎಪಾಕ್ಸಿ ತುಂಬಿ, ಚಮಚದ ಬೆನ್ನಿನಿಂದ ಎಳೆದು ದುಂಡಗೆ ಮಾಡಿ. ಫೈಬರ್ ಬಟ್ಟೆ ಚೂಪು ಮೂಲೆಯಲ್ಲಿ ಮಡಚಿ ಕೂರುವುದಿಲ್ಲ, ಕೆಳಗೆ ಗಾಳಿ ಉಳಿಯುತ್ತದೆ. ಹಳೆಯ ಪದರದ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪದ ಹನ್ನೆರಡು ಪಟ್ಟು ಅಗಲ ಅನ್ನುವುದು ರೂಢಿಯ ಲೆಕ್ಕ. 5 ಮಿ.ಮೀ. ದಪ್ಪವಿದ್ದರೆ 60 ಮಿ.ಮೀ. ಇಳಿಜಾರು.

ಇನ್ನೊಂದು ಕೆಲಸ ಇದೆ, ಇದನ್ನು ಬಿಟ್ಟರೆ ಮಾಡಿದ್ದೆಲ್ಲ ದಂಡ. ಬೋಲ್ಟು ತೂತುಗಳನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ದಪ್ಪ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿ ಅಳತೆಯ ತೂತು ಕೊರೆಯಿರಿ. ಆಗ ಬೋಲ್ಟಿನ ಸುತ್ತ ಮರವೇ ಇರುವುದಿಲ್ಲ. ಸೀಲಂಟ್ ಹಳತಾಗಿ ನೀರು ಬಂದರೂ ಮರಕ್ಕೆ ತಾಗುವುದಿಲ್ಲ.

ನೆಲ ಮೆತ್ತಗಿದೆ. ಮೇಲೊಂದು ಹೊಸ ಪ್ಲೈವುಡ್ ಹೊಡೆದರೆ ಆಗಲ್ವಾ?

ಆಗಲ್ಲ. ಕೊಳೆತದ್ದನ್ನು ಮುಚ್ಚಿದರೆ ಒದ್ದೆ ಒಳಗೇ ಉಳಿಯುತ್ತದೆ, ತೂಕ ಮಾತ್ರ ಏರುತ್ತದೆ. ನೆಲ ಬಿಚ್ಚಿ, ಕೆಳಗಿನ ತೊಲೆ ನೋಡಿ. ಅದೂ ಕೊಳೆತಿದ್ದರೆ ಒಂದೊಂದಾಗಿ ಬದಲಾಯಿಸಿ, ಎಲ್ಲವನ್ನೂ ಒಟ್ಟಿಗೆ ಕಿತ್ತರೆ ತಳದ ಆಕಾರ ಹೋಗುತ್ತದೆ.

ಪಾಲಿಯೆಸ್ಟರ್ ರೆಸಿನ್ ಒಳ್ಳೆಯದಾ, ಎಪಾಕ್ಸಿಯಾ?

ಹಳೆಯ ಫೈಬರ್ ದೋಣಿಗಳೆಲ್ಲ ಹೆಚ್ಚಾಗಿ ಪಾಲಿಯೆಸ್ಟರಿನವು, ಆದ್ದರಿಂದ ಅದು ಕೆಟ್ಟ ವಸ್ತುವೇನಲ್ಲ. ಆದರೆ ಹಳೆಯ ಫೈಬರಿಗೂ ಮರಕ್ಕೂ ಎಪಾಕ್ಸಿ ಹಿಡಿಯುವಷ್ಟು ಗಟ್ಟಿಯಾಗಿ ಅದು ಹಿಡಿಯುವುದಿಲ್ಲ. ರಿಪೇರಿಗೆ ನಾನು ಎಪಾಕ್ಸಿಯನ್ನೇ ಬಳಸುತ್ತೇನೆ. ಬೆಲೆ ಜಾಸ್ತಿ, ಮಾಡಿದ ಕೆಲಸ ಉಳಿಯುತ್ತದೆ.

ಎರಡರ ಅಳತೆಯೂ ಬೇರೆ. ಪಾಲಿಯೆಸ್ಟರಿಗೆ ಹಾಕುವ ಹಾರ್ಡನರ್, ಅಂದರೆ ಗಟ್ಟಿ ಮಾಡುವ ದ್ರವ, ಸಾಮಾನ್ಯವಾಗಿ ನೂರಕ್ಕೆ 1ರಿಂದ 2 ಪಾಲು. ಹೆಚ್ಚು ಕಡಿಮೆ ಆದರೆ ಗಟ್ಟಿಯಾಗುವ ವೇಗ ಬದಲಾಗುತ್ತದೆ. ಆ ಹಾರ್ಡನರ್ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು, ಕನ್ನಡಕ ಹಾಕದೆ ಡಬ್ಬಿ ತೆರೆಯಬೇಡಿ. ಎಪಾಕ್ಸಿಯಲ್ಲಿ ತಯಾರಕರು ಹೇಳಿದ ಅಳತೆಯಿಂದ ಒಂದಿಷ್ಟೂ ಆಚೀಚೆ ಆಗಬಾರದು. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಅದು ಎಂದಿಗೂ ಅಂಟಂಟಾಗಿಯೇ ಉಳಿಯುತ್ತದೆ.

ಎಪಾಕ್ಸಿ ಒಣಗಿದ ಮೇಲೆ ಕೆಲವೊಮ್ಮೆ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ಬರೀ ನೀರು ಮತ್ತು ಒರಟು ಬಟ್ಟೆಯಿಂದ ತೊಳೆದ ಮೇಲೆಯೇ ಸ್ಯಾಂಡ್‌ಪೇಪರ್ ಹಿಡಿಯಿರಿ. ಇಲ್ಲದಿದ್ದರೆ ಜಿಡ್ಡನ್ನು ಒಳಕ್ಕೆ ಉಜ್ಜಿದಂತೆ, ಮುಂದಿನ ಪದರ ಹಿಡಿಯುವುದಿಲ್ಲ.

ನೆಲದ ಕೆಳಗೆ ಒದ್ದೆ ಫೋಮ್ ಸಿಕ್ಕಿತು. ತೆಗೆದು ಎಸೆದರೆ ಸಾಲದಾ?

ತೆಗೆಯಲೇಬೇಕು. ಆದರೆ ಅದರ ಜಾಗಕ್ಕೆ ಹೊಸದನ್ನು ಹಾಕಲೂಬೇಕು. ನನ್ನ ದೋಣಿಯ ಫೋಮ್ ತುಂಡನ್ನು ಕೈಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ಕಂದು ನೀರು ಸುರಿಯಿತು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಫೋಮ್ ನೂರು ಲೀಟರ್ ಕುಡಿದಿದ್ದರೆ ದೋಣಿ ಇಬ್ಬರು ಹೆಚ್ಚಿನ ಜನರನ್ನು ಯಾವಾಗಲೂ ಹೊತ್ತ ಹಾಗೆ. "ಹಳೆಯ ಎಂಜಿನಿಗೆ ಶಕ್ತಿ ಇಲ್ಲ" ಅನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಈ ಕಾಣದ ನೀರೇ.

ಹಾಗಂತ ಖಾಲಿ ಬಿಡಬೇಡಿ. ದೋಣಿಯಲ್ಲಿ ನೀರು ತುಂಬಿದರೂ ಅದು ಪೂರ್ತಿ ಮುಳುಗದೆ, ನೀವು ಹಿಡಿದುಕೊಳ್ಳಲು ಏನಾದರೂ ಉಳಿಯಲಿ ಅಂತ ಕಟ್ಟಿದವರು ಆ ಫೋಮ್ ಹಾಕಿದ್ದು. ನೀರು ಕುಡಿಯದ ಜಾತಿಯ ಫೋಮ್ ಹಾಕಿ, ಅದರ ಕೆಳಗೆ ನೀರು ಹಿಂದಕ್ಕೆ ಹರಿದು ತೂಬು ಸೇರಲು ದಾರಿ ಬಿಡಿ.

ಅಲ್ಯೂಮಿನಿಯಂ ದೋಣಿ ಸೋರುತ್ತಿದೆ, ಎಲ್ಲಿಂದ ಅಂತ ಗೊತ್ತಾಗುತ್ತಿಲ್ಲ.

ನೀರಿಗೆ ಇಳಿಸಬೇಡಿ, ನೀರನ್ನೇ ಒಳಗೆ ಹಾಕಿ. ದೋಣಿಯನ್ನು ಆಸರೆಯ ಮೇಲೆ ಭದ್ರವಾಗಿ ಕೂಡಿಸಿ, ಒಳಗೆ ಕೆಲವು ಅಂಗುಲ ನೀರು ತುಂಬಿ, ಕೆಳಗೆ ಹೊರಗಿನಿಂದ ನೋಡಿ. ಹನಿ ಬೀಳುವ ಪ್ರತಿ ರಿವೆಟ್ಟಿಗೂ ಗುರುತು ಹಾಕಿ. ನೀರು ಭಾರ, ಆದ್ದರಿಂದ ಜಾಸ್ತಿ ತುಂಬಬೇಡಿ. ಸಡಿಲ ರಿವೆಟ್ಟನ್ನು ಒಳಗೊಬ್ಬರು ಹೊರಗೊಬ್ಬರು ನಿಂತು ಮತ್ತೆ ಬಡಿದು ಬಿಗಿ ಮಾಡಬಹುದು. ಸವೆದದ್ದನ್ನು ಕೊರೆದು ತೆಗೆದು, ಸೀಲಂಟ್ ಹಚ್ಚಿ, ಹೊಸದು ಹಾಕಿ.

ಈ ದೋಣಿಯ ಹತ್ತಿರ ತಾಮ್ರ ಸುಳಿಯಬಾರದು. ತಾಮ್ರ ಬೆರೆತ ತಳದ ಬಣ್ಣ, ತಾಮ್ರದ ಔಷಧಿ ಕುಡಿಸಿದ ಮರ, ಬಿದ್ದುಹೋದ ಒಂದು ತಂತಿ ತುಂಡು, ಎಲ್ಲವೂ ಒದ್ದೆಯಲ್ಲಿ ಅಲ್ಯೂಮಿನಿಯಂ ಅನ್ನು ತಿಂದು ತೂತು ಮಾಡುತ್ತವೆ. ಎಂಜಿನಿಗೆ ಹಾಕಿರುವ ಆನೋಡ್ ತುಂಡು ತಾನು ಸವೆದು ಉಳಿದ ಲೋಹ ಕಾಯಲೆಂದೇ ಇರುವುದು. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಅದರ ಮೇಲೆ ಬಣ್ಣ ಬಳಿಯಬೇಡಿ, ಬಳಿದರೆ ಕೆಲಸ ಮಾಡುವುದಿಲ್ಲ.

ಮರದ ದೋಣಿ ಸಿಕ್ಕಿದೆ. ಹಲಗೆ ನಡುವೆ ಬೆಳಕು ಕಾಣುತ್ತದೆ!

ಹಲಗೆ ಜೋಡಿಸಿ ಕಟ್ಟಿದ ದೋಣಿ ಒಣಗಿದಾಗ ಹಾಗೇ ಆಗುತ್ತದೆ. ನೀರಲ್ಲಿ ನೆನೆದ ಮೇಲೆ ಮರ ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತದೆ. ಆ ಸಂದಿಗಳಿಗೆ ಸುಮ್ನೆ ಗಟ್ಟಿ ಫಿಲ್ಲರ್ ತುಂಬಬೇಡಿ. ಮರ ಉಬ್ಬಲು ಜಾಗವಿಲ್ಲದೆ ಪಕ್ಕದ ಹಲಗೆಯನ್ನೇ ಸೀಳುತ್ತದೆ. ಮರದ ದೋಣಿ ಬೇರೆಯೇ ವಿದ್ಯೆ, ಬಲ್ಲವರ ಜೊತೆ ಕೂತು ಕಲಿಯಿರಿ.

ವರ್ಷಗಟ್ಟಲೆ ನಿಂತ ಎಂಜಿನ್ ಸ್ಟಾರ್ಟ್ ಆಗುತ್ತಾ?

ಬಹಳ ಸಲ ಆಗುತ್ತದೆ. ಆದರೆ ಸಿಕ್ಕಿದ ದಿನವೇ ಹಗ್ಗ ಎಳೆಯಬೇಡಿ. ಮೊದಲು ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಡಿ. ಮರುದಿನ ಫ್ಲೈವೀಲನ್ನು (ಎಂಜಿನಿನ ತಲೆಯ ಮೇಲಿನ ಭಾರದ ಚಕ್ರ) ಕೈಯಿಂದ ನಿಧಾನ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕದೆ ಇನ್ನೂ ಕೆಲವು ದಿನ ಆಯಿಲ್ ನೆನೆಯಲಿ. ಸಲೀಸಾಗಿ ತಿರುಗಿದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ. ಇಲ್ಲಿ ಎಷ್ಟು ಅಂಕಿ ಬಂತು ಅನ್ನುವುದಕ್ಕಿಂತ ಎಲ್ಲ ಸಿಲಿಂಡರುಗಳೂ ಸಮ ಇವೆಯಾ ಅನ್ನುವುದು ಮುಖ್ಯ. ವ್ಯತ್ಯಾಸ ನೂರಕ್ಕೆ ಹತ್ತರೊಳಗೆ ಇರಬೇಕು.

ಆಮೇಲೆ ಕಿಡಿ. ಸ್ಪಾರ್ಕ್ ಟೆಸ್ಟರಿನಲ್ಲಿ ಸುಮಾರು 6 ಮಿ.ಮೀ. ಅಂತರ ದಾಟಿ ನೀಲಿ ಕಿಡಿ ಬಿದ್ದರೆ ಸರಿ. ಬರದಿದ್ದರೆ ಫ್ಲೈವೀಲಿನ ಕೆಳಗೆ ಕಿಡಿಯ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟುಗಳಿಗೆ ಕಿಲುಬು ಹಿಡಿದಿರುತ್ತದೆ, ಇಲ್ಲವೇ ಕಾಯಿಲ್ ಬಿರುಕು ಬಿಟ್ಟಿರುತ್ತದೆ. ಎಷ್ಟೋ ಹಳೆಯ ಮಾಡೆಲ್‌ಗಳಲ್ಲಿ ಪಾಯಿಂಟಿನ ಅಂತರ ಸುಮಾರು 0.5 ಮಿ.ಮೀ., ನಿಮ್ಮದಕ್ಕೆ ಸರ್ವಿಸ್ ಪುಸ್ತಕ ನೋಡಿ. ಎವಿನ್‌ರೂಡ್ ಔಟ್‌ಬೋರ್ಡ್ ತಯಾರಿಕೆ 2020ರಲ್ಲಿ ನಿಂತಿತು. ಹಾಗಿದ್ದರೂ ಅಂಥ ಹಳೆಯ ಎಂಜಿನುಗಳ ಪುಸ್ತಕ, ಬಿಡಿಭಾಗ ಹುಡುಕಿದರೆ ಸಿಗುತ್ತವೆ. ಮಾಡೆಲ್ ನಂಬರ್ ಬರೆದಿಟ್ಟುಕೊಂಡು ಹುಡುಕಿ.

ಮೂರನೆಯದು ಪೆಟ್ರೋಲಿನ ದಾರಿ. ಟ್ಯಾಂಕಿನ ಹಳೆಯ ಪೆಟ್ರೋಲ್ ಬಳಸಲೇಬೇಡಿ. ಕಾರ್ಬುರೇಟರಿನ ಬಟ್ಟಲು ಬಿಚ್ಚಿದರೆ ಒಳಗೆ ಜೇನಿನ ಬಣ್ಣದ ಅಂಟು ಕಟ್ಟಿರುತ್ತದೆ. ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ ತೆಗೆಯಿರಿ. ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ತೂತಿಗೆ ಉಕ್ಕಿನ ತಂತಿ ಹಾಕಿ ತಿವಿದರೆ ಅಳತೆ ಕೆಡುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ಕಣ್ಣು ಮುಚ್ಚಿ ಬದಲಾಯಿಸಿ, ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಅವು ಒಳಗಿನಿಂದ ಕರಗುತ್ತವೆ. ಕೈಯಿಂದ ಒತ್ತುವ ಪ್ರೈಮರ್ ಬಲ್ಬಿನ ಬಾಣ ಎಂಜಿನಿನ ಕಡೆ ಇರಲಿ.

ಇಂಪೆಲ್ಲರ್ ಅಂದರೇನು? ಯಾಕೆ ಎಲ್ಲರೂ ಅದನ್ನೇ ಹೇಳುತ್ತಾರೆ?

ಎಂಜಿನ್ ತಂಪಾಗಲು ಕೆಳಗಿನಿಂದ ನೀರು ಎತ್ತುವ ಪಂಪಿನೊಳಗೆ ರಬ್ಬರಿನ ಒಂದು ಚಕ್ರ ಇರುತ್ತದೆ. ಅದೇ ಇಂಪೆಲ್ಲರ್. ನಿಂತ ಎಂಜಿನಿನಲ್ಲಿ ಅದರ ರೆಕ್ಕೆಗಳು ಒಂದೇ ಕಡೆ ಬಾಗಿ ಸೆಟೆದುಕೊಂಡಿರುತ್ತವೆ. ನನ್ನದನ್ನು ತೆಗೆದಾಗ ಒಂದು ರೆಕ್ಕೆ ಕಡಲೆಸಿಪ್ಪೆಯ ಹಾಗೆ ಪಟ್ಟನೆ ಮುರಿಯಿತು. ಹಳೆಯ ಎಂಜಿನ್ ಕೈಗೆ ಬಂದರೆ ಮೊದಲು ಇದನ್ನು ಬದಲಾಯಿಸಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. ಉಪ್ಪುನೀರು, ಮರಳಿನ ನೀರಾದರೆ ಪ್ರತಿ ವರ್ಷ.

ನೀರಿಲ್ಲದೆ ಎಂಜಿನನ್ನು ಒಂದು ಕ್ಷಣವೂ ಓಡಿಸಬೇಡಿ, ಒಣ ಇಂಪೆಲ್ಲರ್ ಸೆಕೆಂಡುಗಳಲ್ಲಿ ಸುಟ್ಟುಹೋಗುತ್ತದೆ. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ ಕೆಳಭಾಗ ಮುಳುಗಿಸಿ. ಸ್ಟಾರ್ಟ್ ಆದ ಕೂಡಲೇ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಬರಬೇಕು. ಮೊದಮೊದಲು ತೊಟ್ಟಿಕ್ಕುತ್ತದೆ, ಒಂದಿಷ್ಟು ಕಸ ಉಗುಳುತ್ತದೆ, ಆಮೇಲೆ ಪೆನ್ಸಿಲ್ ದಪ್ಪದ ಧಾರೆಯಾಗಿ ಚಿಮ್ಮುತ್ತದೆ. ಮೊದಲ ಸಲ ಅದನ್ನು ಕಂಡಾಗ ನಾನು ಕೈ ಒಡ್ಡಿ ನಿಂತುಬಿಟ್ಟಿದ್ದೆ. ನೀರು ಉಗುರುಬೆಚ್ಚಗಿತ್ತು, ಎಂಜಿನ್ ಬದುಕಿದೆ ಅಂತ ಆಗಲೇ ನಂಬಿಕೆ ಬಂದದ್ದು.

ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆ.

ಒಳಗೆ ನೀರು ಹೋಗಿದೆ, ಸೀಲ್ ಬದಲಾಯಿಸಬೇಕು. ಬಹಳ ಸಲ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡ ಮೀನಿನ ದಾರವೇ ಸೀಲನ್ನು ಕೊಯ್ದಿರುತ್ತದೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಒತ್ತಿ ತುಂಬಿ, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬರುವ ತನಕ. ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ವಾಷರುಗಳು ಹೊಸವೇ ಇರಲಿ.

ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು?

ಟೂ ಸ್ಟ್ರೋಕ್ ಎಂಜಿನಿಗೆ ಮಾತ್ರ ಈ ಪ್ರಶ್ನೆ. ತುಂಬಾ ಮಾಡೆಲ್‌ಗಳಿಗೆ 50:1, ಅಂದರೆ ಲೀಟರಿಗೆ 20 ಮಿ.ಲೀ. ಇನ್ನೂ ಹಳೆಯವಕ್ಕೆ 24:1, ಲೀಟರಿಗೆ ಸುಮಾರು 42 ಮಿ.ಲೀ. ಹಳೆಯ ಎಂಜಿನಿಗೆ ಕಡಿಮೆ ಆಯಿಲ್ ಹಾಕಿದರೆ ಹೊಗೆ ಕಡಿಮೆಯಾಗುತ್ತದೆ ನಿಜ, ಬೇರಿಂಗೂ ಹೋಗುತ್ತದೆ. ಟಿಸಿ-ಡಬ್ಲ್ಯು3 ಗುರುತಿನ ಔಟ್‌ಬೋರ್ಡ್ ಆಯಿಲನ್ನೇ ತನ್ನಿ. ಬೈಕಿನ ಆಯಿಲ್ ಗಾಳಿಯಿಂದ ತಂಪಾಗುವ ಬಿಸಿ ಎಂಜಿನಿಗೆ ಮಾಡಿದ್ದು, ನೀರಿನಿಂದ ತಂಪಾಗುವ ಎಂಜಿನಿಗೆ ಒಗ್ಗುವುದಿಲ್ಲ.

ಇನ್ನೂ ದೊಡ್ಡ ಎಂಜಿನ್ ಹಾಕಬಹುದಾ?

ದೋಣಿಯ ಮೇಲೆ ತಯಾರಕರ ಫಲಕ ಇದ್ದರೆ ಅದರಲ್ಲಿ ಬರೆದ ಅಶ್ವಶಕ್ತಿಯೇ ಮಿತಿ, ದಾಟಬೇಡಿ. ದೊಡ್ಡ ಎಂಜಿನ್ ವೇಗವನ್ನಷ್ಟೇ ಕೊಡುವುದಿಲ್ಲ, ಹಿಂಬದಿಯ ತೂಕವನ್ನೂ ಏರಿಸುತ್ತದೆ. ಹಿಂದಿನಿಂದ ಬಂದ ಒಂದು ಅಲೆ ಟ್ರಾನ್ಸಮ್ ದಾಟಿ ಒಳಗೆ ಬಂದರೆ ಸಣ್ಣ ದೋಣಿಗೆ ಚೇತರಿಸಿಕೊಳ್ಳುವುದು ಕಷ್ಟ.

ಜನರ ಲೆಕ್ಕಕ್ಕೆ ಫಲಕ ಇಲ್ಲದಿದ್ದರೆ, ಉದ್ದ ಮತ್ತು ಅಗಲವನ್ನು ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸಿ. 14 ಅಡಿ ಉದ್ದ, 5 ಅಡಿ ಅಗಲದ ದೋಣಿಗೆ ನಾಲ್ಕು ಜನ. ಅದೂ ಶಾಂತ ನೀರಿನಲ್ಲಿ.

ವೈರಿಂಗ್ ಹಳೆಯದ್ದೇ ಇರಲಾ?

ಕಿತ್ತು ಹೊಸದು ಹಾಕಿ. ಸಣ್ಣ ದೋಣಿಯಲ್ಲಿ ನಾಲ್ಕಾರು ತಂತಿ, ಅಷ್ಟೇ ಅಲ್ವಾ? ತವರ ಲೇಪಿಸಿದ ತಾಮ್ರದ ತಂತಿ ತನ್ನಿ, ಮಾಮೂಲಿ ತಂತಿ ಹೊದಿಕೆಯ ಒಳಗೇ ಹಸಿರು ಕಿಲುಬು ಹಿಡಿದು ಕಪ್ಪಾಗುತ್ತದೆ. ಬ್ಯಾಟರಿಯಿಂದ 18 ಸೆಂ.ಮೀ. ಒಳಗೆ ಮುಖ್ಯ ಫ್ಯೂಸ್ ಇರಲಿ. ಬ್ಯಾಟರಿ ಅಲುಗಾಡದಂತೆ ಪೆಟ್ಟಿಗೆಯಲ್ಲಿಟ್ಟು ಪಟ್ಟಿ ಕಟ್ಟಿ.

ಬಣ್ಣ ಯಾವಾಗ, ಯಾವುದು?

ಎಲ್ಲ ಮುಗಿದ ಮೇಲೆ. ಹಳೆಯ ಜೆಲ್‌ಕೋಟ್ ಮಂಕಾಗಿದ್ದರೆ ಬಣ್ಣವೇ ಬೇಕಾಗದೆ ಇರಬಹುದು. 600, 800, 1000, 1500 ನಂಬರಿನ ಸ್ಯಾಂಡ್‌ಪೇಪರ್ ಹೀಗೆ ಏರುತ್ತಾ ನೀರು ಹಾಕಿ ಉಜ್ಜಿ, ಹೊಳಪು ಕೊಡುವ ಕಾಂಪೌಂಡ್ ಹಚ್ಚಿ, ಮೇಣ ಹಾಕಿ. ಆ ಪದರ ಹೊಸದಿದ್ದಾಗಲೇ ಅರ್ಧ ಮಿ.ಮೀ. ಆಸುಪಾಸು, ಅಂಚುಗಳಲ್ಲಿ ಕೈ ಹಗುರ ಇರಲಿ. ಎಪಾಕ್ಸಿ ರಿಪೇರಿ ಮಾಡಿದ ಕಡೆ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಿಗೆ ಬಣ್ಣವೇ ಸರಿ. ಎರಡು ಭಾಗದ ಪಾಲಿಯುರೆಥೇನ್ ಬಣ್ಣ ಗಟ್ಟಿಮುಟ್ಟು. ಆದರೆ ಅದನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ, ಆ ಮಂಜು ಶ್ವಾಸಕೋಶಕ್ಕೆ ವಿಷ. ರೋಲರಿನಿಂದ ಹಚ್ಚಿ, ಕೂಡಲೇ ಒಣ ಬ್ರಷ್ಷಿನ ತುದಿಯಿಂದ ಎಳೆದರೆ ಗುಳ್ಳೆಗಳೆಲ್ಲ ಒಡೆದು ನುಣ್ಣಗಾಗುತ್ತದೆ.

ತಳದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ಹಿಂದಿನ ಕಾಲದ ತಳದ ಬಣ್ಣಗಳಲ್ಲಿ ಸೀಸ ಇರಬಹುದು, ಟ್ರೈಬ್ಯುಟೈಲ್ ಟಿನ್ ಎಂಬ ವಿಷ ಕೂಡ ಇರಬಹುದು. ಈ ಎರಡನೆಯದನ್ನು ಅಂತಾರಾಷ್ಟ್ರೀಯ ಒಪ್ಪಂದ 2008ರಿಂದ ನಿಷೇಧಿಸಿದೆ. ನೀರು ಹಾಕಿ ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿ, ಬಂದ ಕೆಸರನ್ನು ಒಟ್ಟು ಮಾಡಿ.

ಮೊದಲ ಸಲ ನೀರಿಗಿಳಿಸುವಾಗ?

ತಳದ ತೂಬಿನ ಬಿರಡೆ! ನಾನೊಮ್ಮೆ ಮರೆತು, ಪಾದಕ್ಕೆ ತಣ್ಣಗೆ ತಾಗಿದಾಗ ನೆನಪಾಯಿತು. ಅಂದಿನಿಂದ ಬಿರಡೆಯನ್ನು ಎಂಜಿನಿನ ಕೀಲಿಯ ಜೊತೆಯೇ ಕಟ್ಟಿಡುತ್ತೇನೆ. ಬಿರಡೆ ಹಾಕದೆ ಕೀಲಿ ಕೈಗೆ ಬರುವುದಿಲ್ಲ.

ಮೊದಲ ದಿನ ಗಾಳಿ ಇಲ್ಲದ ಬೆಳಿಗ್ಗೆ ಹೋಗಿ. ದೋಣಿಯನ್ನು ಕಟ್ಟಿಹಾಕಿಯೇ ಕಾಲು ಗಂಟೆ ಎಂಜಿನ್ ಓಡಿಸಿ, ತಳದಲ್ಲಿ ನೀರು ಬರುತ್ತಿದೆಯಾ ನೋಡಿ. ಆಮೇಲೆ ದಡದ ಹತ್ತಿರವೇ ಸುತ್ತಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಲಿ. ಎಂಜಿನ್ ನಿಲ್ಲಿಸುವ ಹುರಿ ಮಣಿಕಟ್ಟಿಗೋ ಜಾಕೆಟ್ಟಿಗೋ ಸಿಕ್ಕಿಸಿರಲಿ. ನೀವು ನೀರಿಗೆ ಬಿದ್ದು ದೋಣಿ ಓಡುತ್ತಲೇ ಇದ್ದರೆ ಅದು ಸುತ್ತು ಹೊಡೆದು ನಿಮ್ಮ ಮೇಲೆಯೇ ಬರಬಹುದು. ಹುಟ್ಟು, ಲಂಗರು, ಹಗ್ಗ, ನೀರು ಎತ್ತಿಹಾಕಲು ಬಕೆಟ್, ಬೆಂಕಿ ಆರಿಸುವ ಸಿಲಿಂಡರ್ ಜೊತೆಗಿರಲಿ. ಹಳೆಯ ಎಂಜಿನಾದರೆ ಪ್ರೊಪೆಲ್ಲರಿನ ಶಿಯರ್ ಪಿನ್ ಎರಡು ಹೆಚ್ಚಿಗೆ, ಒಂದು ಇಕ್ಕಳ. ಕಲ್ಲಿಗೆ ತಾಗಿದಾಗ ಗೇರು ಉಳಿಯಲೆಂದು ಮುರಿಯುವ ಪಿನ್ ಅದು, ಅದರ ಜಾಗಕ್ಕೆ ಮೊಳೆ ಹಾಕಬೇಡಿ.

ಕೈಯಲ್ಲಿ ಎತ್ತಬಹುದಾದ ಪೆಟ್ರೋಲ್ ಟ್ಯಾಂಕನ್ನು ಯಾವಾಗಲೂ ನೆಲದ ಮೇಲಿಟ್ಟು ತುಂಬಿಸಿ, ದೋಣಿಯೊಳಗೆ ಅಲ್ಲ.

ನೀರಿನ ಮೇಲೂ ರಸ್ತೆಯ ಹಾಗೆ ನಿಯಮ ಇದೆಯಾ?

ಇದೆ. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಇನ್ನೊಂದು ಮೋಟಾರು ದೋಣಿ ನಿಮ್ಮ ಬಲಗಡೆಯಿಂದ ಅಡ್ಡ ಬರುತ್ತಿದ್ದರೆ ನೀವೇ ದಾರಿ ಬಿಡಬೇಕು. ಹಾಯಿಯಲ್ಲಿ ಹೋಗುವ ದೋಣಿಗೆ ಸಾಮಾನ್ಯವಾಗಿ ಮೋಟಾರಿನವರು ದಾರಿ ಬಿಡಬೇಕು. ಕತ್ತಲಾದರೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ, ಮೇಲೆ ಸುತ್ತಲೂ ಕಾಣುವ ಬಿಳಿ ದೀಪ. ಇವು 1972ರ ಅಂತಾರಾಷ್ಟ್ರೀಯ ನಿಯಮಗಳು. ನೋಂದಣಿ, ಪರವಾನಗಿ, ವೇಗದ ಮಿತಿ ಒಂದೊಂದು ನೀರಿಗೆ ಒಂದೊಂದು ಥರ, ಇಳಿಸುವ ಮುಂಚೆ ಅಲ್ಲಿಯ ಅಧಿಕಾರಿಗಳನ್ನು ಕೇಳಿಯೇ ಹೋಗಿ.

ವೇಗವಾಗಿ ಓಡಿಸದಿದ್ದರೆ ಏನು ಮಜಾ?

ನನಗೆ ನಿಧಾನದಲ್ಲೇ ಮಜಾ. ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಅದರ ಉದ್ದವೇ ಒಂದು ವೇಗದ ಮಿತಿ ಹಾಕುತ್ತದೆ. ನೀರಿನ ಗೆರೆಯಲ್ಲಿ 13 ಅಡಿ ಇರುವ ದೋಣಿಗೆ ಅದು ಗಂಟೆಗೆ ಸುಮಾರು 9 ಕಿ.ಮೀ. ಅದನ್ನು ದಾಟಬೇಕಾದರೆ ಎಂಜಿನ್ ಮೊದಲು ದೋಣಿಯ ಮೂತಿ ಎತ್ತಿ, ನೀರಿನ ಮೇಲಕ್ಕೆ ಹತ್ತಿಸಬೇಕು. ಪೆಟ್ರೋಲ್ ಸುರಿಯುವುದು ಅಲ್ಲೇ. ಪೂರ್ತಿ ವೇಗದಲ್ಲಿ ಹಳೆಯ ಟೂ ಸ್ಟ್ರೋಕ್ ಎಂಜಿನ್ ಹತ್ತು ಅಶ್ವಶಕ್ತಿಗೆ ಗಂಟೆಗೆ ಸುಮಾರು 4 ಲೀಟರ್ ಕುಡಿಯುತ್ತದೆ. ಮಿತಿಯೊಳಗೆ ಹೋದರೆ ಅದೇ ಟ್ಯಾಂಕು ಎಷ್ಟೋ ಹೊತ್ತು ಬರುತ್ತದೆ, ಮಾತಾಡಿದ್ದೂ ಕೇಳಿಸುತ್ತದೆ, ಹಕ್ಕಿಯೂ ಹಾರಿಹೋಗುವುದಿಲ್ಲ. ಹೇಗೇ ಓಡಿಸಿ, ಹೋಗಲು ಮೂರರಲ್ಲೊಂದು ಪಾಲು ಪೆಟ್ರೋಲ್, ಬರಲು ಮೂರರಲ್ಲೊಂದು, ಉಳಿದದ್ದು ಆಪತ್ತಿಗೆ.

ಟ್ರೈಲರಿನಲ್ಲಿ ಏನಾದರೂ ನೋಡಬೇಕಾ?

ಚಕ್ರದ ಬೇರಿಂಗ್. ಓಡಿ ಬಿಸಿಯಾದ ಚಕ್ರದ ನಡುಭಾಗವನ್ನು (ಹಬ್) ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ಆರಲು ಬಿಡಿ, ವರ್ಷಕ್ಕೊಮ್ಮೆ ಗ್ರೀಸ್ ಬದಲಾಯಿಸಿ.

ಸವಾರಿ ಮುಗಿದ ಮೇಲೆ?

ಉಪ್ಪುನೀರಿನಿಂದ ಬಂದರೆ ಎಂಜಿನ್ ಒಳಗೆ ಸಿಹಿನೀರು ಹರಿಸಿ. ಬಿರಡೆ ತೆಗೆದು, ಮೂತಿ ಎತ್ತಿ ನಿಲ್ಲಿಸಿ, ನೀರು ಪೂರ್ತಿ ಇಳಿಯಲಿ. ತಿಂಗಳುಗಟ್ಟಲೆ ಇಡುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ, ಸಿಲಿಂಡರಿಗೆ ಆಯಿಲ್ ಸಿಂಪಡಿಸಿ. ಹಿಮ ಬೀಳುವ ಕಡೆ ಗೇರ್ ಆಯಿಲನ್ನು ಚಳಿಗಾಲಕ್ಕೆ ಮುಂಚೆಯೇ ಬದಲಾಯಿಸಿ, ಒಳಗಿನ ನೀರು ಹೆಪ್ಪುಗಟ್ಟಿದರೆ ಗೇರುಪೆಟ್ಟಿಗೆ ಸೀಳುತ್ತದೆ. ಮೇಲೆ ಹೊದಿಕೆ ಹಾಕಿ, ಆದರೆ ಗಾಳಿ ಆಡಲು ಎರಡೂ ತುದಿಯಲ್ಲಿ ಸಂದಿ ಬಿಡಿ. ಉಸಿರುಗಟ್ಟಿಸಿ ಮುಚ್ಚಿದ ದೋಣಿ ಮಳೆಯಲ್ಲಿ ನಿಂತದ್ದಕ್ಕಿಂತ ಬೇಗ ಕೊಳೆಯುತ್ತದೆ.

ಎಷ್ಟು ಸಮಯ ಬೇಕು? ಅರ್ಧಕ್ಕೆ ನಿಂತುಹೋಗುವ ಭಯ ಇದೆ.

ವಾರಕ್ಕೊಂದು ರಜೆ ಮಾತ್ರ ಸಿಗುವವರಿಗೆ ಟ್ರಾನ್ಸಮ್, ನೆಲ, ಎಂಜಿನ್ ಎಲ್ಲ ಸೇರಿದರೆ ಒಂದು ವರ್ಷ ಹಿಡಿಯಬಹುದು. ನನಗೆ ಅದಕ್ಕಿಂತ ಜಾಸ್ತಿಯೇ ಹಿಡಿಯಿತು. ಕೆಲಸ ನಿಲ್ಲುವುದು ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹರಡಿದಾಗ. ಒಂದು ಭಾಗ ಮುಗಿಸಿ ಇನ್ನೊಂದು ಬಿಚ್ಚಿ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಸ್ಕ್ರೂಗಳನ್ನು ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಸೀಟಿನ ಬಟ್ಟೆ, ಹೊಳಪು, ಹೆಸರಿನ ಅಕ್ಷರ ಇವೆಲ್ಲ ಬಾಕಿ ಇದ್ದರೂ ದೋಣಿ ಸೋರದೆ, ಎಂಜಿನ್ ತಂಪಾಗಿ ಓಡುತ್ತಿದ್ದರೆ ನೀರಿಗಿಳಿಸಿಬಿಡಿ. ನಾನು ಮೊದಲ ಸಲ ಇಳಿಸಿದಾಗ ನನ್ನ ದೋಣಿಯ ಒಂದು ಪಕ್ಕಕ್ಕೆ ಮಾತ್ರ ಬಣ್ಣ ಆಗಿತ್ತು, ಇನ್ನೊಂದು ಪಕ್ಕಕ್ಕೆ ಬೂದು ಪ್ರೈಮರ್. ಇಡೀ ಆ ಬೇಸಿಗೆ ಹಾಗೇ ಓಡಾಡಿದೆವು.